ಮನೆಯ ಶೆಡ್‌ನಲ್ಲೇ ಟರ್ಬೊ ಹೆಡರ್: ಪೈಪಿಗೆ ಗ್ರೈಂಡರ್ ಇಡೋ ಮೊದಲು ಒಮ್ಮೆ ಕೇಳಿ

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಮಾತನ್ನು ಸ್ವಲ್ಪ ತಿದ್ದಲಾಗಿದೆ.)

ಕಳೆದ ಸಂಚಿಕೆಯಲ್ಲಿ ಟರ್ಬೊ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿದ್ದೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ. "ಸರ್, ಸೆಕೆಂಡ್ ಹ್ಯಾಂಡ್ ಟರ್ಬೊ ಸಿಗುತ್ತೆ. ಆದ್ರೆ ನನ್ನ ಗಾಡಿಗೆ ಅದನ್ನ ಕೂರಿಸೋ ಹೆಡರ್ ಎಲ್ಲೂ ಸಿಗಲ್ಲ. ಮನೇಲೇ ಮಾಡ್ಕೋಬಹುದಾ?"

ಮಾಡ್ಕೋಬಹುದು. ನಾನೂ ಮಾಡಿದ್ದೀನಿ, ಮಾಡೋರ ಪಕ್ಕ ನಿಂತು ಪೈಪು ಹಿಡ್ಕೊಂಡೂ ಇದ್ದೀನಿ. ಆದರೆ ಯೂಟ್ಯೂಬ್‌ನಲ್ಲಿ ಹತ್ತು ನಿಮಿಷಕ್ಕೆ ಮುಗಿಯೋ ಆ ಕೆಲಸ ನಿಜವಾಗಿ ಮೂರ್ನಾಲ್ಕು ವಾರಾಂತ್ಯ ತಿನ್ನುತ್ತೆ. ಸರಿಯಾಗಿ ಆಗದಿದ್ರೆ ಟರ್ಬೊ ಹೋಗುತ್ತೆ, ಎಂಜಿನ್ ಹೋಗುತ್ತೆ, ಬಾನೆಟ್ ಕೆಳಗೆ ಬೆಂಕಿ ಹತ್ತೋದೂ ಉಂಟು. ಅದಕ್ಕೇ ಈ ಸಂಚಿಕೆ ಸ್ವಲ್ಪ ಉದ್ದ ಇದೆ.

ಮೊದಲು ಹೆಡರ್ ಅಂದ್ರೆ ಏನು ಅಂತ ಒಂದೇ ಮಾತಲ್ಲಿ. ಬೈಕಿನವರು ಬೆಂಡ್ ಪೈಪು ಅಂತಾರಲ್ಲ, ಎಂಜಿನ್ ಹೆಡ್‌ನಿಂದ ಹೊರಗೆ ಬಂದು ಸೈಲೆನ್ಸರ್ ಕಡೆಗೆ ಬಾಗೋದು, ಅದೇ. ಕಾರಿನಲ್ಲಿ ನಾಲ್ಕು ಸಿಲಿಂಡರ್ ಇದ್ರೆ ಅಂಥ ನಾಲ್ಕು ಪೈಪು ಒಂದು ಕಡೆ ಸೇರುತ್ತವೆ. ಸೇರೋ ಜಾಗಕ್ಕೆ ಕಲೆಕ್ಟರ್ ಅಂತ ಹೆಸರು. ಟರ್ಬೊ ಗಾಡಿಯಲ್ಲಿ ಆ ಕಲೆಕ್ಟರ್ ತುದಿಗೇ ಟರ್ಬೊ ಬೋಲ್ಟ್ ಆಗಿ ಕೂರುತ್ತೆ. ಅಂದ್ರೆ ಹೆಡರ್‌ಗೆ ಎರಡು ಕೆಲಸ. ಬಿಸಿ ಹೊಗೆ ಸಾಗಿಸಬೇಕು, ಐದಾರು ಕೆ.ಜಿ. ತೂಕದ ಟರ್ಬೊವನ್ನ ಹೊರಬೇಕು. ಈ ಎರಡನೇ ಕೆಲಸ ಮರೆತವರ ಹೆಡರ್ ಬಿರುಕು ಬಿಡುತ್ತೆ. ಅದರ ಬಗ್ಗೆ ಮುಂದೆ ಹೇಳ್ತೀನಿ.

ಇಲ್ಲೊಂದು ಎಚ್ಚರಿಕೆ. ನಿಮ್ಮ ಗಾಡಿಗೆ ಹೆಡರ್ ಹಾಕೋಕೆ ಸಾಧ್ಯ ಇದೆಯಾ ಅಂತ ಮೊದಲು ಬಾನೆಟ್ ತೆಗೆದು ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ಬರೋ 1.0 ಟಿಎಸ್‌ಐ, ಫೋರ್ಡ್‌ನ 1.0 ಇಕೋಬೂಸ್ಟ್, ಇವುಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಎರಕ ಆಗಿಬಿಟ್ಟಿದೆ. ಹೊರಗೆ ಒಂದೇ ಬಾಯಿ. ಅಲ್ಲಿ ನಾಲ್ಕು ಪೈಪಿನ ಕನಸು ಕಾಣೋಕೆ ಜಾಗವೇ ಇಲ್ಲ. ಇವತ್ತು ನಾನು ಉದಾಹರಣೆಗೆ ತಗೊಳ್ಳೋದು ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್. ಹಳೇ ಗಾಡಿ, ನಾಲ್ಕು ಸಿಲಿಂಡರ್, ಬಾನೆಟ್ ಕೆಳಗೆ ಕೈ ಆಡಿಸೋಕೆ ಜಾಗ ಇದೆ. ರ‍್ಯಾಲಿ, ಆಟೋಕ್ರಾಸ್ ಹುಚ್ಚಿನವರ ಮನೆ ಮುಂದೆ ಒಂದಾದ್ರೂ ನಿಂತಿರುತ್ತೆ.

ಪೈಪಿನೊಳಗೆ ಏನಾಗುತ್ತೆ

ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗ್ತಿದೆ ಅಂದ್ಕೊಳ್ಳಿ. ಪ್ರತಿ ಸಿಲಿಂಡರ್ ಸೆಕೆಂಡಿಗೆ 50 ಸಲ ಹೊಗೆ ಉಗುಳುತ್ತೆ. ನಾಲ್ಕೂ ಸೇರಿ 200 ಸಲ. ಹೊಗೆ ನಲ್ಲಿ ನೀರಿನ ಥರ ಒಂದೇ ಸಮನೆ ಹರಿಯಲ್ಲ, ಬಡಿತ ಬಡಿತವಾಗಿ ಬರುತ್ತೆ. ಪೆಟ್ರೋಲ್ ಎಂಜಿನ್‌ನಲ್ಲಿ ಪೂರ್ತಿ ಜೋರಿನಲ್ಲಿ ಓಡುವಾಗ ಈ ಹೊಗೆಯ ಬಿಸಿ 800ರಿಂದ 950 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಬಡಿತ, ಆ ಬಿಸಿ ಎರಡೂ ಸೇರಿ ಟರ್ಬೊದ ಚಕ್ರವನ್ನ ನಿಮಿಷಕ್ಕೆ ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗಿಸುತ್ತೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ತಗೊಂಡಿದ್ದು ಇದೇ ಯೋಚನೆಗೆ, ವ್ಯರ್ಥವಾಗಿ ಹೋಗೋ ಹೊಗೆಯಿಂದ ಕೆಲಸ ತೆಗೀಬೇಕು ಅಂತ.

ಹಾಗಾಗಿ ಹೆಡರ್ ಆ ಬಿಸಿಯನ್ನ ದಾರಿಯಲ್ಲಿ ಕಳ್ಕೋಬಾರದು. ಪೈಪು ಸುಮ್ನೆ ಉದ್ದ ಆದ್ರೆ, ಅಗಲ ಜಾಸ್ತಿ ಆದ್ರೆ, ಬಡಿತ ಮಂಕಾಗುತ್ತೆ. ಟರ್ಬೊ ಎದ್ದೇಳೋದು ತಡ ಆಗುತ್ತೆ. ಆಕ್ಸಿಲರೇಟರ್ ಒತ್ತಿ "ಬಾರಪ್ಪಾ, ಬಾ" ಅಂತ ಕಾಯ್ತಾ ಕೂರಬೇಕಾಗುತ್ತೆ.

ಇಲ್ಲೇ ಎರಡು ಪಂಗಡ ಇದೆ. ಒಂದು, ಲಾಗ್ ಮ್ಯಾನಿಫೋಲ್ಡ್. ಒಂದು ಮರದ ದಿಮ್ಮಿ ಥರ ಅಡ್ಡ ಪೈಪು, ಅದಕ್ಕೆ ನಾಲ್ಕು ಬಾಯಿ ಬಂದು ಸೇರುತ್ತೆ. ಗಿಡ್ಡ, ಗಟ್ಟಿ, ಸುಲಭ. ಇನ್ನೊಂದು, ನಾಲ್ಕೂ ಪೈಪು ಒಂದೇ ಉದ್ದ ಇರೋ ಟ್ಯೂಬುಲರ್ ಹೆಡರ್. ಹಾವುಗಳ ಗಂಟಿನ ಥರ ಕಾಣುತ್ತಲ್ಲ, ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಬರೋದು ಅದಕ್ಕೇ. ಬಡಿತಗಳು ಸರದಿಯಲ್ಲಿ, ಒಂದಕ್ಕೊಂದು ಡಿಕ್ಕಿ ಹೊಡೀದೆ ಬರೋದ್ರಿಂದ ಮೇಲಿನ ಆರ್‌ಪಿಎಂನಲ್ಲಿ ಲಾಭ ಇದೆ. ಆದರೆ ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ಸಲ ಮಾಡೋರು, ಸಣ್ಣ ಎಂಜಿನ್, ಕಮ್ಮಿ ಬೂಸ್ಟ್ ಅಂದ್ರೆ ಲಾಗ್ ಅಥವಾ ಗಿಡ್ಡ ಪೈಪಿನ ಹೆಡರ್ ಸಾಕು. ಬೆಸುಗೆ ಕಮ್ಮಿ, ಬಿರುಕು ಬಿಡೋ ಜಾಗ ಕಮ್ಮಿ. ನಾಲ್ಕು ಪೈಪಿನ ಉದ್ದದಲ್ಲಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಬಂದ್ರೆ ನಿಮ್ಮ ಸೀಟಿಗೆ ಗೊತ್ತಾಗಲ್ಲ, ನಂಬಿ.

ಟ್ವಿನ್ ಸ್ಕ್ರೋಲ್ ಟರ್ಬೊ, ಅಂದ್ರೆ ಎರಡು ಬಾಯಿ ಇರೋ ಟರ್ಬೊ ಇದ್ರೆ ಮಾತ್ರ ಒಂದು ಜೋಡಿ ನೆನಪಿಡಿ. ಸಿಡಿಯೋ ಸರದಿ 1-3-4-2 ಇರೋ ಎಂಜಿನ್‌ಗೆ 1 ಮತ್ತು 4 ಒಂದು ಬಾಯಿಗೆ, 2 ಮತ್ತು 3 ಇನ್ನೊಂದು ಬಾಯಿಗೆ. ಒಂದರ ಹಿಂದೆ ಒಂದು ಸಿಡಿಯೋ ಸಿಲಿಂಡರ್‌ಗಳು ಒಂದೇ ಕೋಣೆಗೆ ಬರಬಾರದು ಅನ್ನೋದು ಲೆಕ್ಕ.

ಯಾವ ಪೈಪು ತರೋದು

ಇದು ನನಗೆ ಅತಿ ಹೆಚ್ಚು ಬಂದ ಪ್ರಶ್ನೆ. ಬೇಲಿ, ಗೇಟು, ಮೆಟ್ಟಿಲ ರೇಲಿಂಗ್ ಮಾಡೋ ಅಂಗಡಿಯಲ್ಲಿ ಸಿಗೋ ಹೊಳೆಯೋ ಸ್ಟೀಲ್ ಪೈಪು ತರಬೇಡಿ. ಅದು ಎಷ್ಟೋ ಸಲ 202 ಗ್ರೇಡ್ ಇರುತ್ತೆ, ಗೋಡೆಯೂ ತೆಳು. ಮ್ಯಾಗ್ನೆಟ್ ಹಿಡಿದು "ಅಂಟಲಿಲ್ಲ, ಹಾಗಾದ್ರೆ 304" ಅನ್ನೋರು ತುಂಬಾ ಜನ. 202 ಕೂಡ ಮ್ಯಾಗ್ನೆಟ್‌ಗೆ ಅಂಟಲ್ಲ. ಪಕ್ಕಾ ಬೇಕಂದ್ರೆ ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್ ಇರೋ ಮಾಲು ಕೇಳಿ.

ನಮಗೆ ಬೇಕಾಗಿರೋದು ಕಾರ್ಖಾನೆಗಳ ಪೈಪ್‌ಲೈನ್‌ಗೆ ಹಾಕೋ ಬಟ್ ವೆಲ್ಡ್ ಎಲ್ಬೋ. ಷೆಡ್ಯೂಲ್ 10 ಅಂತ ಕೇಳಿ. ಒಂದೂವರೆ ಇಂಚಿನ ಷೆಡ್ಯೂಲ್ 10 ಪೈಪಿನ ಹೊರ ಅಳತೆ 48.3 ಮಿ.ಮೀ., ಗೋಡೆ ದಪ್ಪ 2.77 ಮಿ.ಮೀ. ಒಂದೂಕಾಲು ಇಂಚಿನದ್ದು ಹೊರಗೆ 42.2, ಗೋಡೆ ಅಷ್ಟೇ, ಒಳಗೆ ಸುಮಾರು 36.6 ಮಿ.ಮೀ. ಸಣ್ಣ 1300 ಸಿಸಿ ಎಂಜಿನ್‌ಗೆ ಒಂದೂಕಾಲು ಇಂಚು ಸಾಕಾಗುತ್ತೆ. ದೊಡ್ಡ ಪೈಪು ಹಾಕಿದ್ರೆ ಪವರ್ ಜಾಸ್ತಿ ಅನ್ನೋದು ಸೈಲೆನ್ಸರ್ ಬದಲಾಯಿಸಿದವರ ಅಭ್ಯಾಸದ ಮಾತು. ಟರ್ಬೊದ ಮುಂದೆ ಅದು ಉಲ್ಟಾ ಹೊಡೆಯುತ್ತೆ.

ಬೆಂಗಳೂರಿನಲ್ಲಿ ಪೀಣ್ಯ, ಬೆಳಗಾವಿಯಲ್ಲಿ ಉದ್ಯಮಬಾಗ್, ಇಂಥ ಕಡೆ ಪೈಪ್ ಫಿಟಿಂಗ್ ಮಾರೋರು, ಲೇಸರ್ ಕಟಿಂಗ್ ಮಾಡೋರು ಹತ್ತಿರ ಹತ್ತಿರ ಇರ್ತಾರೆ. ಗ್ಯಾಸ್ಕೆಟ್, ಸ್ಟಡ್ಡು, ನಟ್ಟಿಗೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ಡೈರಿ ಲೈನ್‌ಗೆ ಹಾಕೋ ಸ್ಟೀಲ್ ಎಲ್ಬೋಗಳೂ ಸಿಗುತ್ತವೆ, ನೋಡೋಕೆ ಕನ್ನಡಿ ಥರ. ಆದರೆ ಗೋಡೆ ಒಂದೂವರೆ ಮಿ.ಮೀ. ಆಸುಪಾಸು ಮಾತ್ರ. ಟರ್ಬೊ ತೂಕ ಹೊರೋಕೆ ಅದನ್ನ ನಾನು ನಂಬಲ್ಲ. ಟರ್ಬೊ ದಾಟಿದ ಮೇಲಿನ ಪೈಪಿಗೆ ಹಾಕಬಹುದು, ಚೆನ್ನಾಗಿರುತ್ತೆ.

ಇನ್ನೊಂದು ಆಯ್ಕೆ ಮಾಮೂಲಿ ಕಬ್ಬಿಣ, ಎಂಎಸ್. ಅಗ್ಗ, ಬೆಸುಗೆ ಸುಲಭ. ತುಕ್ಕು ಹಿಡಿಯುತ್ತೆ, ಬಿಸಿಗೆ ಪದರ ಪದರ ಉದುರುತ್ತೆ ನಿಜ. ಆದರೆ ಬಿಸಿಗೆ ಹಿಗ್ಗೋದು ಸ್ಟೇನ್‌ಲೆಸ್‌ಗಿಂತ ಕಮ್ಮಿ. ದಪ್ಪ ಷೆಡ್ಯೂಲ್ 40 ಕಬ್ಬಿಣದ ಎಲ್ಬೋದಲ್ಲಿ ಮಾಡಿದ ಕುರೂಪಿ ಲಾಗ್ ಮ್ಯಾನಿಫೋಲ್ಡ್ ವರ್ಷಗಟ್ಟಲೆ ಓಡೋದನ್ನ ನಾನು ನೋಡಿದ್ದೀನಿ.

ಆದರೆ ಜಿಐ ಮಾತ್ರ ಬೇಡ. ಪ್ಲಂಬಿಂಗ್ ಅಂಗಡಿಯ ಜಿಐ ಬೆಂಡ್‌ಗೆ ಸತುವಿನ ಲೇಪ ಇರುತ್ತೆ. ಬೆಸುಗೆ ಹಾಕಿದಾಗ ಬಿಳಿ ಹೊಗೆ ಎದ್ದು ಎದೆಗೆ ಹೋದ್ರೆ ಅದೇ ರಾತ್ರಿ ಚಳಿ ಜ್ವರ, ಮೈಕೈ ನೋವು ಶುರುವಾಗುತ್ತೆ. ವೆಲ್ಡರ್‌ಗಳನ್ನ ಕೇಳಿ ನೋಡಿ, ಹಳಬರಿಗೆಲ್ಲ ಅದರ ಅನುಭವ ಇರುತ್ತೆ.

ಟರ್ಬೊ ಮೊದಲು, ಪೈಪು ಆಮೇಲೆ

ಹೊಸಬರು ಹೆಡ್‌ನಿಂದ ಪೈಪು ಶುರು ಮಾಡಿ ಎಲ್ಲಿಗೆ ಮುಟ್ಟುತ್ತೋ ಅಲ್ಲಿ ಟರ್ಬೊ ಅಂತಾರೆ. ಅದು ತಿರುಗುಮುರುಗು. ಮೊದಲು ಟರ್ಬೊವನ್ನ ಬಾನೆಟ್ ಕೆಳಗೆ ಎಲ್ಲಿ ಕೂರಿಸ್ತೀರಿ ಅಂತ ತೀರ್ಮಾನ ಆಗಬೇಕು. ಒಂದು ಚೂರು ಆಂಗಲ್ ಕಬ್ಬಿಣದಲ್ಲಿ ತಾತ್ಕಾಲಿಕ ಸ್ಟ್ಯಾಂಡ್ ಮಾಡಿ, ಟರ್ಬೊವನ್ನ ಆ ಜಾಗದಲ್ಲಿ ಅಲುಗಾಡದ ಹಾಗೆ ನಿಲ್ಲಿಸಿ. ಬಾನೆಟ್ ಮುಚ್ಚಿ ನೋಡಿ. ರೇಡಿಯೇಟರ್ ಫ್ಯಾನಿಗೆ ತಾಗುತ್ತಾ? ಬ್ರೇಕ್ ಎಣ್ಣೆ ಡಬ್ಬಿ ಎಷ್ಟು ದೂರ? ಪೆಟ್ರೋಲ್ ಪೈಪು ಎಲ್ಲಿ ಹೋಗಿದೆ? ಸ್ಟೀರಿಂಗ್ ಕಾಲಂ? ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತೆ, ಅದಕ್ಕೂ ಜಾಗ ಬಿಡಬೇಕು.

ಎಣ್ಣೆಯ ಲೆಕ್ಕ ಇನ್ನೂ ಮುಖ್ಯ. ಟರ್ಬೊ ಒಳಗೆ ಹೋದ ಎಂಜಿನ್ ಆಯಿಲ್ ವಾಪಸ್ ಬರೋದು ತನ್ನ ಭಾರಕ್ಕೆ ಇಳಿದು, ಪಂಪು ಎಳೆಯಲ್ಲ. ಹಾಗಾಗಿ ಟರ್ಬೊದ ಡ್ರೈನ್ ಬಾಯಿ ಕೆಳಗೆ ನೋಡ್ತಿರಬೇಕು, ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ಓರೆ ಆಗಬಾರದು. ಆ ಪೈಪು ಸಂಪಿನಲ್ಲಿ ಎಣ್ಣೆ ಮಟ್ಟಕ್ಕಿಂತ ಮೇಲೆ ಸೇರಬೇಕು. ಟರ್ಬೊವನ್ನ ತೀರಾ ಕೆಳಗೆ ಇಟ್ಟು, ಚಂದದ ಹೆಡರ್ ಮಾಡಿ ಮುಗಿಸಿದ ಮೇಲೆ ಎಣ್ಣೆ ಇಳಿಯೋಕೆ ಜಾಗ ಇಲ್ಲ ಅಂತ ಗೊತ್ತಾದ್ರೆ ಆ ಹೆಡರ್ ಗುಜರಿಗೆ. ನೀಲಿ ಹೊಗೆ ಬಿಡೋ ಎಷ್ಟೋ ಟರ್ಬೊಗಳು ಕೆಟ್ಟಿರೋದಿಲ್ಲ, ಡ್ರೈನ್ ಕಟ್ಟಿಕೊಂಡಿರುತ್ತೆ ಅಷ್ಟೇ.

ವೇಸ್ಟ್‌ಗೇಟ್ ಬಗ್ಗೆ ಒಂದು ಮಾತು. ಬೂಸ್ಟ್ ಜಾಸ್ತಿ ಆದಾಗ ಹೊಗೆಯನ್ನ ಟರ್ಬೊಗೆ ಬಿಡದೆ ಪಕ್ಕಕ್ಕೆ ಕಳಿಸೋ ಬಾಗಿಲು ಅದು. ಮೊದಲ ಪ್ರಯತ್ನಕ್ಕೆ ಅದು ಒಳಗೇ ಇರೋ ಟರ್ಬೊ ತಗೊಳ್ಳಿ, ಅರ್ಧ ತಲೆನೋವು ಕಮ್ಮಿ. ಹೊರಗಿನ ವೇಸ್ಟ್‌ಗೇಟ್ ಹಾಕೋದಾದ್ರೆ ನಾಲ್ಕೂ ಪೈಪಿನ ಹೊಗೆ ಸೇರಿದ ಮೇಲೆ, ಕಲೆಕ್ಟರ್‌ನಿಂದ, ಹೊಗೆ ಹೋಗೋ ದಿಕ್ಕಿಗೇ ಓರೆಯಾಗಿ ಕವಲು ತೆಗೀಬೇಕು. ಹಿಂದಕ್ಕೆ ತಿರುಗಿಸಿ ಬೆಸೆದ್ರೆ ಹೊಗೆ ಅತ್ತ ಕಡೆ ತಿರುಗೋದೇ ಇಲ್ಲ, ಬಾಗಿಲು ಪೂರ್ತಿ ತೆರೆದ್ರೂ ಬೂಸ್ಟ್ ಏರ್ತಾ ಹೋಗುತ್ತೆ. ಎಂಜಿನ್ ಒಡೆಯೋಕೆ ಅಷ್ಟು ಸಾಕು.

ಕತ್ತರಿಸೋ ಗುಟ್ಟು

ಈಗ ನನಗೆ ಇಷ್ಟದ ಭಾಗ. ನಮ್ಮ ಕೈಲಿರೋದು 90 ಡಿಗ್ರಿ ಎಲ್ಬೋಗಳು. ನಮಗೆ ಬೇಕಾಗಿರೋದು 37 ಡಿಗ್ರಿ, 52 ಡಿಗ್ರಿ, ಹೀಗೆ ಬಾಯಿಗೆ ಬಂದಷ್ಟು. ಎಲ್ಬೋವನ್ನ ಕತ್ತರಿಸಲೇಬೇಕು. ಕಣ್ಣಂದಾಜಿನಲ್ಲಿ ಗ್ರೈಂಡರ್ ಇಟ್ರೆ ಏನಾಗುತ್ತೆ? ಕತ್ತರಿಸಿದ ಬಾಯಿ ಗುಂಡಗಿರೋ ಬದಲು ಮೊಟ್ಟೆಯ ಥರ ಆಗುತ್ತೆ. ಪಕ್ಕದ ತುಂಡಿಗೆ ಕೂರಲ್ಲ, ಸಂದಿ ಬೀಳುತ್ತೆ, ವೆಲ್ಡರ್ ಆ ಸಂದಿಯನ್ನ ಕಡ್ಡಿ ಕರಗಿಸಿ ತುಂಬ್ತಾನೆ, ಅಲ್ಲೇ ನಾಳೆ ಬಿರುಕು.

ಕತ್ತರಿಸೋ ಗೆರೆ ಯಾವಾಗಲೂ ಎಲ್ಬೋದ ಬಾಗುವಿಕೆಯ ಕೇಂದ್ರದ ಕಡೆಗೇ ಹೋಗಬೇಕು. ಪಿಜ್ಜಾ ಕತ್ತರಿಸಿದ ಹಾಗೆ, ಎಲ್ಲ ಗೆರೆಯೂ ನಡುವಿನ ಬಿಂದುವಿಗೆ. ಆಗ ಮಾತ್ರ ಬಾಯಿ ಗುಂಡಗೆ ಉಳಿಯುತ್ತೆ.

ಮಾಡೋದು ಹೀಗೆ. ಒಂದು ಪ್ಲೈವುಡ್ ಹಲಗೆ ತಗೊಳ್ಳಿ. ಒಂದು ಬಿಂದು ಗುರುತು ಮಾಡಿ. ಒಂದೂವರೆ ಇಂಚಿನ ಲಾಂಗ್ ರೇಡಿಯಸ್ ಎಲ್ಬೋಗೆ ನಡುಗೆರೆಯ ತ್ರಿಜ್ಯ 57 ಮಿ.ಮೀ. ಪೈಪಿನ ಅರ್ಧ ಅಗಲ 24. ಹಾಗಾದ್ರೆ ಅದೇ ಬಿಂದುವಿನಿಂದ 33 ಮಿ.ಮೀ.ಗೆ ಒಂದು ಕಮಾನು, 81 ಮಿ.ಮೀ.ಗೆ ಇನ್ನೊಂದು ಕಮಾನು ಎಳೀರಿ. ಎಲ್ಬೋವನ್ನ ಮಲಗಿಸಿದ್ರೆ ಸರಿಯಾಗಿ ಈ ಎರಡು ಕಮಾನಿನ ನಡುವೆ ಕೂರುತ್ತೆ. ಈಗ ಶಾಲೆಯ ಕೋನಮಾಪಕ ಇಟ್ಟು, ಬಿಂದುವಿನಿಂದ 37 ಡಿಗ್ರಿಗೆ ಗೆರೆ ಎಳೀರಿ. ಆ ಗೆರೆಯನ್ನ ಮೂಲೆಮಟ್ಟ ಹಿಡಿದು ಎಲ್ಬೋದ ಒಳಬದಿ ಹೊರಬದಿಗೆ ಹತ್ತಿಸಿ. ಸುತ್ತ ಮಾಸ್ಕಿಂಗ್ ಟೇಪು ಸುತ್ತಿ, ಟೇಪಿನ ಅಂಚಿಗೆ ಕತ್ತರಿಸಿ. ಬ್ಯಾಂಡ್‌ಸಾ ಇದ್ರೆ ಒಳ್ಳೇದು, ಇಲ್ಲಾಂದ್ರೆ ಗ್ರೈಂಡರ್‌ಗೆ 1 ಮಿ.ಮೀ. ತೆಳು ವೀಲು. ಕತ್ತರಿಸಿದ ಮೇಲೆ ಬಾಯಿಯನ್ನ ಗಾಜಿನ ಮೇಲೆ ಮರಳು ಕಾಗದ ಇಟ್ಟು ಉಜ್ಜಿ ಚಪ್ಪಟೆ ಮಾಡಿ. ಎರಡು ತುಂಡು ಜೋಡಿಸಿ ಬೆಳಕಿಗೆ ಹಿಡಿದ್ರೆ ಬೆಳಕು ಕಾಣಬಾರದು.

ಉದ್ದದ ಲೆಕ್ಕವೂ ಇಲ್ಲೇ ಇದೆ. ಹೈಸ್ಕೂಲಿನ ಗಣಿತ ಅಷ್ಟೇ. ತ್ರಿಜ್ಯ ಗುಣಿಸು ಡಿಗ್ರಿ ಗುಣಿಸು ಪೈ, ಭಾಗಿಸು 180. 57 ಮಿ.ಮೀ. ತ್ರಿಜ್ಯದ 90 ಡಿಗ್ರಿ ಎಲ್ಬೋ ಅಂದ್ರೆ ಸುಮಾರು 90 ಮಿ.ಮೀ. ಉದ್ದ. ಒಳ್ಳೇ ಕಾಕತಾಳೀಯ, ಈ ಅಳತೆಯಲ್ಲಿ ಎಷ್ಟು ಡಿಗ್ರಿಯೋ ಹೆಚ್ಚುಕಮ್ಮಿ ಅಷ್ಟೇ ಮಿ.ಮೀ. ಮೊದಲ ಪೈಪಿಗೆ ಒಂದು 90, ಒಂದು 45, ಜೊತೆಗೆ 60 ಮಿ.ಮೀ. ನೇರ ಪೈಪು, ಒಟ್ಟು 195. ಎರಡನೆಯದಕ್ಕೆ 60 ಡಿಗ್ರಿಯ ಎರಡು ತುಂಡು ಬಂತು ಅಂದ್ರೆ 120, ಉಳಿದ 75 ನೇರ ಪೈಪು. ನಾಲ್ಕೂ ಹೀಗೇ ಸರಿದೂಗಿಸಿ.

ಪೈಪಿಗೆ ಕೈ ಹಾಕೋ ಮೊದಲು ದಪ್ಪ ತಂತಿ ಬಾಗಿಸಿ ದಾರಿ ನೋಡ್ಕೊಳ್ಳಿ. ತ್ರೀಡಿ ಪ್ರಿಂಟರ್ ಇರೋ ಗೆಳೆಯರಿದ್ರೆ ಇನ್ನೂ ಸುಲಭ, ಅದೇ ತ್ರಿಜ್ಯದ ಪ್ಲಾಸ್ಟಿಕ್ ತುಂಡುಗಳನ್ನ ಪ್ರಿಂಟ್ ಮಾಡಿಸಿ ಲೆಗೋ ಥರ ಜೋಡಿಸಬಹುದು. ಪ್ಲಂಬಿಂಗ್‌ನ ಪಿವಿಸಿ ಬೆಂಡ್‌ನಲ್ಲಿ ಅಳತೆ ನೋಡೋದು ಬೇಡ, ಅದರ ತಿರುವು ಬೇರೆ.

ಫ್ಲ್ಯಾಂಜ್, ಅಂದ್ರೆ ಹೆಡ್‌ಗೆ ಬೋಲ್ಟ್ ಆಗೋ ಚಪ್ಪಟೆ ಪಟ್ಟಿ, 10ರಿಂದ 12 ಮಿ.ಮೀ. ದಪ್ಪ ಇರಲಿ. ಗ್ಯಾಸ್ಕೆಟ್ ಕೊಟ್ಟರೆ ಲೇಸರ್ ಕಟಿಂಗ್‌ನವರು ಅದರ ಅಳತೆಗೆ ಕತ್ತರಿಸಿ ಕೊಡ್ತಾರೆ. ತೂತುಗಳು ಹೆಡ್‌ನ ತೂತಿಗಿಂತ ಕೂದಲೆಳೆ ದೊಡ್ಡದಿರಬೇಕು. ಚಿಕ್ಕದಾದ್ರೆ ಹೊಗೆಗೆ ಅಲ್ಲೊಂದು ಮೆಟ್ಟಿಲು ಎದುರಾಗುತ್ತೆ.

ಬೆಸುಗೆ: ಕೈ ಅಥವಾ ಕಾಸು

ನಮ್ಮ ಕಡೆ ಟಿಗ್ ಅಂದ್ರೆ ಯಾರಿಗೂ ಗೊತ್ತಾಗಲ್ಲ, ಆರ್ಗಾನ್ ವೆಲ್ಡಿಂಗ್ ಅನ್ನಿ. ಸ್ಟೇನ್‌ಲೆಸ್ ಹೆಡರ್‌ಗೆ ಅದೇ ಸರಿ. 304ಗೆ 308ಎಲ್ ಕಡ್ಡಿ. ಸ್ಟೇನ್‌ಲೆಸ್ ಪೈಪನ್ನ ಎಂಎಸ್ ಫ್ಲ್ಯಾಂಜ್‌ಗೆ ಸೇರಿಸೋದಾದ್ರೆ 309ಎಲ್. ಈ ದಪ್ಪಕ್ಕೆ ಕರೆಂಟು 80ರಿಂದ 100 ಆಂಪ್ ಆಸುಪಾಸು. ಮುಗಿದ ಬೆಸುಗೆ ಚಿನ್ನದ ಬಣ್ಣ, ಗೋಧಿ ಹುಲ್ಲಿನ ಬಣ್ಣ ಇದ್ರೆ ಒಳ್ಳೇದು. ನೀಲಿ ಪರವಾಗಿಲ್ಲ. ಬೂದು ಕಪ್ಪು ಆದ್ರೆ ಬಿಸಿ ಜಾಸ್ತಿ ಆಗಿದೆ, ಇಲ್ಲ ಗ್ಯಾಸ್ ಮುಚ್ಚಿಲ್ಲ.

ಹೊರಗೆ ಕಾಣೋದು ಅರ್ಧ ಕಥೆ. ಪೈಪಿನ ಒಳಗೆ ಗಾಳಿ ಇದ್ರೆ ಬೆಸುಗೆಯ ಹಿಂಬದಿ ಸುಟ್ಟು, ತಳ ಹಿಡಿದ ಬೆಲ್ಲದ ಪಾಕದ ಥರ ಕಪ್ಪಗೆ ಗಂಟುಗಂಟಾಗುತ್ತೆ. ವೆಲ್ಡರ್‌ಗಳು ಇದನ್ನ ಶುಗರಿಂಗ್ ಅಂತಾರೆ. ಅಲ್ಲಿ ಬೆಸುಗೆಗೆ ಶಕ್ತಿ ಇಲ್ಲ. ಜೊತೆಗೆ ಆ ಚೂರುಗಳು ಒಂದಿನ ಉದುರಿ, ಲಕ್ಷ ಆರ್‌ಪಿಎಂನಲ್ಲಿ ತಿರುಗೋ ಚಕ್ರಕ್ಕೆ ಹೊಡೀತವೆ. ಅದಕ್ಕೆ ಪರಿಹಾರ, ಪೈಪಿನ ಒಳಗೂ ಆರ್ಗಾನ್ ತುಂಬೋದು. ಎಲ್ಲ ಬಾಯಿಗೂ ಅಲ್ಯುಮಿನಿಯಂ ಫಾಯಿಲ್ ಕಟ್ಟಿ, ಕೆಳಗಿನಿಂದ ಗ್ಯಾಸ್ ಬಿಟ್ಟು, ಮೇಲೆ ಒಂದು ಸಣ್ಣ ತೂತು ಬಿಡಿ. ಆರ್ಗಾನ್ ಗಾಳಿಗಿಂತ ಭಾರ, ಕೆಳಗೆ ತುಂಬ್ತಾ ಗಾಳಿಯನ್ನ ಮೇಲಿಂದ ತಳ್ಳುತ್ತೆ.

ನನ್ನ ಸಲಹೆ ಇಷ್ಟು. ಆರ್ಗಾನ್ ಮೆಷಿನ್ ಕೊಳ್ಳೋಕೆ, ಕೈ ಪಳಗಿಸೋಕೆ ಸಮಯ ಇಲ್ಲ ಅಂದ್ರೆ, ಅಳತೆ, ಕಟಿಂಗ್, ಜೋಡಣೆ ಎಲ್ಲ ಮನೇಲಿ ಮಾಡಿ. ಪ್ರತಿ ಜೋಡಣೆಗೆ ನಾಲ್ಕು ಟ್ಯಾಕ್ ಹಾಕಿಸಿ. ಪೂರ್ತಿ ಬೆಸುಗೆಗೆ ಡೈರಿ ಲೈನ್, ಔಷಧ ಕಾರ್ಖಾನೆ ಪೈಪ್‌ಲೈನ್ ಕೆಲಸ ಮಾಡಿದ ವೆಲ್ಡರ್ ಹುಡುಕಿ. ಅವರಿಗೆ ಒಳಗೆ ಗ್ಯಾಸ್ ಬಿಡೋದು ಹೇಳಿಕೊಡಬೇಕಾಗಿಲ್ಲ, ದಿನಾ ಅದೇ ಕೆಲಸ. "ಅಣ್ಣಾ, ಒಳಗೂ ಆರ್ಗಾನ್ ಬಿಟ್ಟು ಹಾಕ್ತೀರಾ?" ಅಂತ ಒಂದೇ ಪ್ರಶ್ನೆ ಕೇಳಿ. ಅವರ ಮುಖ ನೋಡಿದ್ರೆ ಗೊತ್ತಾಗುತ್ತೆ.

ಬೆಸೆಯುವಾಗ ಫ್ಲ್ಯಾಂಜನ್ನ ಒಂದು ದಪ್ಪ ಕಬ್ಬಿಣದ ಹಲಗೆಗೋ, ಗುಜರಿಯ ಹಳೇ ಹೆಡ್‌ಗೋ ಬೋಲ್ಟ್ ಮಾಡಿಡಿ. ಇಲ್ಲಾಂದ್ರೆ ಬಾಳೆಹಣ್ಣಿನ ಥರ ಬಾಗುತ್ತೆ. ಆದರೂ ಸ್ವಲ್ಪ ಬಾಗೇ ಬಾಗುತ್ತೆ, ಕೊನೆಗೆ ಒಮ್ಮೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ.

ಮನೇಲಿ ಬೆಸುಗೆ ಹಾಕೋರಿಗೆ ಕೆಲವು ಮಾತು. ಬ್ರೇಕ್ ಕ್ಲೀನರ್ ಸ್ಪ್ರೇನಲ್ಲಿ ಪೈಪು ಒರೆಸಿ ತಕ್ಷಣ ಬೆಸೆಯಬೇಡಿ. ಕ್ಲೋರಿನ್ ಇರೋ ಕ್ಲೀನರ್ ಆದ್ರೆ, ಬೆಸುಗೆಯ ಬಿಸಿಗೆ, ಬೆಳಕಿಗೆ ಫಾಸ್ಜೀನ್ ಅನ್ನೋ ವಿಷ ಗಾಳಿ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಜನರನ್ನ ಕೊಲ್ಲೋಕೆ ಬಳಸಿದ ಗಾಳಿ ಅದು. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಬಾಟಲಿ ದೂರ ಇಡಿ. ಸ್ಟೇನ್‌ಲೆಸ್ ಬೆಸುಗೆಯ ಹೊಗೆಯಲ್ಲಿ ಕ್ಯಾನ್ಸರ್ ತರೋ ರೂಪದ ಕ್ರೋಮಿಯಂ ಇರುತ್ತೆ, ಕರ್ಚೀಫು ಕಟ್ಟಿದ್ರೆ ತಡೆಯಲ್ಲ, ಸರಿಯಾದ ಮಾಸ್ಕ್ ಬೇಕು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಆರ್ಗಾನ್ ಸೋರಿದ್ರೆ ಉಸಿರಾಡೋ ಆಮ್ಲಜನಕವನ್ನೇ ಅದು ತಳ್ಳಿಬಿಡುತ್ತೆ, ವಾಸನೆಯೂ ಇಲ್ಲ. ಕೂಲಿಂಗ್ ಗ್ಲಾಸ್ ಹಾಕ್ಕೊಂಡು "ಒಂದೇ ಟ್ಯಾಕ್ ಅಲ್ವಾ" ಅನ್ನೋರಿಗೆ ರಾತ್ರಿ ಎರಡು ಗಂಟೆಗೆ ಕಣ್ಣಲ್ಲಿ ಮರಳು ಸುರಿದ ಹಾಗೆ ಆಗುತ್ತೆ. ಪಕ್ಕ ನಿಂತು ನೋಡೋ ತಮ್ಮ ತಂಗಿಯರಿಗೂ ಅಷ್ಟೇ.

ಬಿರುಕು ಯಾಕೆ ಬರುತ್ತೆ

ನನ್ನ ಮೇಜಿನ ಮೇಲೆ ಈಗ ಒಂದು ಒಡೆದ ಹೆಡರ್ ಇದೆ. ಒಬ್ಬ ಕೇಳುಗರು ಕಳಿಸಿಕೊಟ್ಟಿದ್ದು. ದುಡ್ಡು ಕೊಟ್ಟು ಮಾಡಿಸಿದ್ದು, ಮೂರು ವಾರ ಓಡಿದೆ. ಬೆಸುಗೆ ನೋಡೋಕೆ ಸಾಲಾಗಿ ಜೋಡಿಸಿದ ನಾಣ್ಯದ ಥರ, ಫೋಟೋಗೆ ಚೆನ್ನಾಗಿದೆ. ಆದರೆ ಕಲೆಕ್ಟರ್ ಹತ್ತಿರ ಅರ್ಧ ಸುತ್ತು ಬಿರುಕು. ಒಳಗೆ ಟಾರ್ಚ್ ಹಾಕಿದ್ರೆ ಅದೇ ಕಪ್ಪು ಬೆಲ್ಲ. ಟರ್ಬೊಗೆ ಕೆಳಗಿನಿಂದ ಆಸರೆಯೇ ಕೊಟ್ಟಿರಲಿಲ್ಲ ಅಂತ ಅವರೇ ಬರೆದಿದ್ದಾರೆ. ಪೈಪು ಡೈರಿ ಲೈನ್‌ನ ತೆಳು ಮಾಲು.

ಲೆಕ್ಕ ನೋಡಿ. 304 ಸ್ಟೀಲ್‌ನ 300 ಮಿ.ಮೀ. ಪೈಪು 700 ಡಿಗ್ರಿಯಷ್ಟು ಬಿಸಿ ಏರಿದ್ರೆ ಸುಮಾರು 4 ಮಿ.ಮೀ. ಉದ್ದ ಆಗುತ್ತೆ. ಎಂಎಸ್ ಆದ್ರೆ 3 ಮಿ.ಮೀ. ಆಸುಪಾಸು. ಅದೇ ಹೊತ್ತಿಗೆ ಅಲ್ಯುಮಿನಿಯಂ ಹೆಡ್, ಒಳಗೆ ನೀರು ಓಡ್ತಿರೋದ್ರಿಂದ, ನೂರು ಡಿಗ್ರಿ ಚಿಲ್ಲರೆಯಲ್ಲೇ ಇರುತ್ತೆ. ಒಂದು ಕಡೆ ಹಿಗ್ಗಲ್ಲ, ಇನ್ನೊಂದು ಕಡೆ ಹಿಗ್ಗುತ್ತೆ. ಎಲ್ಲಿಗೆ ಹೋಗಬೇಕು ಆ 4 ಮಿ.ಮೀ.? ಜಾಗ ಕೊಡದಿದ್ರೆ ಬೆಸುಗೆಯ ಅಂಚನ್ನ ಹರಿದು ಜಾಗ ಮಾಡ್ಕೊಳ್ಳುತ್ತೆ. ಸಂಜೆ ಓಡಿಸಿ ನಿಲ್ಲಿಸಿದಾಗ ಮತ್ತೆ ಕುಗ್ಗುತ್ತೆ. ದಿನಾ ಇದೇ.

ಹಾಗಾಗಿ ಬೆಸುಗೆ ಎಲ್ಲ ಮುಗಿದ ಮೇಲೆ ಹೆಡ್ ಕಡೆಯ ಫ್ಲ್ಯಾಂಜನ್ನ ಎರಡು ಬಾಯಿಗಳ ನಡುವೆ ಕತ್ತರಿಸಿ ಬಿಡ್ತಾರೆ. ಆಗ ಪ್ರತಿ ಪೈಪೂ ತನ್ನಷ್ಟಕ್ಕೆ ಅಲುಗಬಹುದು. ತುದಿಯ ಬೋಲ್ಟ್ ತೂತುಗಳನ್ನ ಕೊಂಚ ಉದ್ದುದ್ದ ಮಾಡ್ತಾರೆ. ಟರ್ಬೊಗೆ ಎಂಜಿನ್ ಬ್ಲಾಕ್‌ನಿಂದ ಒಂದು ಆಸರೆ ಕೊಡಬೇಕು, ಅದೂ ತೂಕ ಹೊರಬೇಕು ಆದರೆ ಹಿಗ್ಗೋದನ್ನ ತಡೀಬಾರದು. ಉದ್ದ ತೂತಿನ ಪಟ್ಟಿ ಸಾಕು. ಆಸರೆಯನ್ನ ಬಾಡಿಗೆ ಕಟ್ಟಬೇಡಿ, ಎಂಜಿನ್ ಅಲುಗಿದಾಗ ಹೆಡರ್ ಮುರಿಯುತ್ತೆ.

ಬಿಸಿ ಹಿಡಿದಿಡೋಕೆ ಬಟ್ಟೆ ಪಟ್ಟಿ ಸುತ್ತೋದು ಫ್ಯಾಷನ್. ನಾನು ಹೆಡರ್‌ಗೆ ಸುತ್ತಲ್ಲ. ಲೋಹ ಇನ್ನೂ ಬಿಸಿ ಆಗುತ್ತೆ, ಮಳೆ ನೀರು ಹಿಡಿದಿಡುತ್ತೆ, ಬಿರುಕು ಬಂದ್ರೂ ಕಣ್ಣಿಗೆ ಬೀಳಲ್ಲ. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್ ಇರೋ ಕಡೆ ತಗಡಿನ ಹೀಟ್ ಶೀಲ್ಡ್ ಹಾಕಿ, ತಗಡಿಗೂ ಪೈಪಿಗೂ ನಡುವೆ ಗಾಳಿ ಆಡೋ ಜಾಗ ಬಿಡಿ.

ಹಾಕಿದ ದಿನ

ಗಾಡಿಗೆ ಹಾಕೋ ಮೊದಲು ಪಂಕ್ಚರ್ ಅಂಗಡಿಯ ಪರೀಕ್ಷೆ. ಎಲ್ಲ ಬಾಯಿ ಮುಚ್ಚಿ, ಒಂದರಲ್ಲಿ ವಾಲ್ವ್ ಹಾಕಿ, ಸೈಕಲ್ ಪಂಪಿನಲ್ಲಿ ಕಮ್ಮಿ ಒತ್ತಡದ ಗಾಳಿ ತುಂಬಿ ಸೋಪು ನೀರು ಹಚ್ಚಿ. ಗುಳ್ಳೆ ಬಂದ ಕಡೆ ಮತ್ತೆ ಬೆಸುಗೆ. ಆಮೇಲೆ ಒಳಗೆಲ್ಲ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆದು, ಒಂದು ಚೂರು ಕಬ್ಬಿಣದ ಪುಡಿಯೂ ಇಲ್ಲದ ಹಾಗೆ ಮಾಡಿ. ಕಾಗದದ ಗ್ಯಾಸ್ಕೆಟ್ ಬೇಡ, ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಿ. ಆಕ್ಸಿಜನ್ ಸೆನ್ಸರ್ ಟರ್ಬೊದ ಮುಂದೆ ಬೇಡ, ಟರ್ಬೊ ದಾಟಿದ ಪೈಪಿಗೆ. ಮುಂದೆ ಇದ್ರೆ ಬಿಸಿಗೂ ಒತ್ತಡಕ್ಕೂ ಅದು ಸರಿಯಾಗಿ ಓದಲ್ಲ, ಬೇಗ ಸಾಯುತ್ತೆ.

ಮೊದಲ ಸಲ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಸಿ ಮಾಡಿ, ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಎಲ್ಲ ನಟ್ಟೂ ಬಿಗಿ ಮಾಡಿ. ಎರಡು ಮೂರು ಸಲ ಹೀಗೆ. ಕೈಗೆ ಸಿಗೋ ಹಾಗೆ ಒಂದು ಬೆಂಕಿ ಆರಿಸೋ ಸಿಲಿಂಡರ್ ಇರಲಿ. ಟಿಕ್ ಟಿಕ್ ಸದ್ದು, ಫ್ಲ್ಯಾಂಜ್ ಅಂಚಿನಲ್ಲಿ ಕಪ್ಪು ಮಸಿ ಕಂಡ್ರೆ ಸೋರ್ತಿದೆ ಅಂತ ಅರ್ಥ. ಆ ಸೋರಿಕೆಯನ್ನ "ನಾಳೆ ನೋಡೋಣ" ಅಂತ ಬಿಡಬೇಡಿ. ಬಾನೆಟ್ ಕೆಳಗೆ ಸೋರಿದ ಹೊಗೆ ಎಸಿ ಗಾಳಿ ಎಳೆಯೋ ದಾರಿಯಲ್ಲಿ ಒಳಗೆ ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಜು ಏರಿಸಿ ಓಡಿಸೋರಿಗೆ ತಲೆನೋವು, ಮಂಪರು ಬಂತು ಅಂದ್ರೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ.

ಮತ್ತೆ, ಇಸಿಯು ಟ್ಯೂನ್ ಮಾಡಿಸದೆ ಬೂಸ್ಟ್ ಹಾಕಬೇಡಿ. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ ಅಂದ್ರೆ ಪಿಸ್ಟನ್ ಕರಗುತ್ತೆ. ಅದೇ ಒಂದು ಪೂರ್ತಿ ಸಂಚಿಕೆ ಆಗುತ್ತೆ.

ರಸ್ತೆಗೆ ತರಬಹುದಾ?

ಉತ್ತರ ನೇರವಾಗಿ ಹೇಳಿಬಿಡ್ತೀನಿ, ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸದ್ದು, ಹೊಗೆ ಜಾಸ್ತಿ ಆದ್ರೆ ಅದಕ್ಕೆ ಬೇರೆ ಸೆಕ್ಷನ್ ಇದೆ. ನನಗೆ ಜಾಸ್ತಿ ಭಯ ಇರೋದು ಇನ್ಶೂರೆನ್ಸ್ ಬಗ್ಗೆ. ನಾಳೆ ಯಾರಿಗಾದ್ರೂ ಗುದ್ದಿದ್ರೆ, ಗಾಡಿ ಬದಲಾಯಿಸಿದ್ದೀರಿ ಅಂತ ಕಂಪನಿ ತಕರಾರು ತೆಗೆದ್ರೆ, ಆ ಮನೆಯವರಿಗೆ ನೀವು ಎಲ್ಲಿಂದ ಕೊಡ್ತೀರಿ?

ಹಾಗಾಗಿ ಇದು ಟ್ರ್ಯಾಕಿನ ಗಾಡಿಗೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ನಮಗೆ ಹತ್ತಿರ, ಟ್ರೇಲರ್ ಮೇಲೆ ಹಾಕ್ಕೊಂಡು ಹೋಗಬೇಕು. ಸ್ಪರ್ಧೆಗೆ ಇಳಿಯೋದಾದ್ರೆ ಮೊದಲು ಎಫ್‌ಎಂಎಸ್‌ಸಿಐ ನಿಯಮ ಓದಿ. ಅಂತರರಾಷ್ಟ್ರೀಯ ರ‍್ಯಾಲಿ ಲೆಕ್ಕದಲ್ಲಿ ಪೆಟ್ರೋಲ್ ಟರ್ಬೊ ಎಂಜಿನ್‌ನ ಸಿಸಿಯನ್ನ 1.7ರಿಂದ ಗುಣಿಸೋ ರೂಢಿ ಇದೆ. ಆ ಲೆಕ್ಕದಲ್ಲಿ 1298 ಸಿಸಿ ಗಾಡಿ 2200 ದಾಟುತ್ತೆ. ಅಂದ್ರೆ ನಿಮ್ಮ ಪುಟ್ಟ ಎಸ್ಟೀಮ್ ದೊಡ್ಡ ಎಂಜಿನ್‌ಗಳ ಜೊತೆ ನಿಲ್ಲಬೇಕಾಗುತ್ತೆ. ನಾಲ್ಕು ವಾರಾಂತ್ಯ ಖರ್ಚು ಮಾಡೋ ಮೊದಲು ಇದು ಗೊತ್ತಿರಲಿ.

ಮುಂದಿನ ವಾರ ಎಣ್ಣೆ ಲೈನ್, ಡ್ರೈನ್ ಪೈಪು, ಸಂಪಿಗೆ ತೂತು ಕೊರೆಯೋದು ಹೇಗೆ ಅಂತ ಮಾತಾಡೋಣ. ನಿಮ್ಮ ಹೆಡರ್ ಫೋಟೋ ಕಳಿಸಿ, ಆದರೆ ಹೊರಗಿನ ಬೆಸುಗೆಯದ್ದು ಬೇಡ. ಟಾರ್ಚ್ ಹಾಕಿ ಒಳಗಿನದ್ದು ಕಳಿಸಿ.